ಯಾವ ವಿಕಾರಿ?

ಪುತ್ತೂರಿನ ಓದುಗರೊಬ್ಬರು ಬರೆದಿದ್ದಾರೆ: "ವಿಕಾರಿ ಸಂವತ್ಸರದಲ್ಲಿ ಮುತ್ತಜ್ಜ ನೆಟ್ಟ ಬಕ್ಕೆ ಹಲಸು ನಮ್ಮ ಹಿತ್ತಿಲಲ್ಲಿದೆ. ಬೀಜ ಮುತ್ತಜ್ಜಿಯ ತವರಿನಿಂದ ಬಂದದ್ದಂತೆ. ಪಾಲಿನಲ್ಲಿ ಆ ಜಾಗ ತಮ್ಮನಿಗೆ ಹೋಯಿತು. ಮನೆ ಕಟ್ಟಲು ಅಡ್ಡ, ಕಡಿಸುತ್ತೇನೆ ಅನ್ನುತ್ತಾನೆ. ನಾನು ಅದರ ಹನ್ನೆರಡು ಬೀಜ ಹಾಕಿ ಸಸಿ ಮಾಡಿಟ್ಟುಕೊಂಡಿದ್ದೇನೆ, ಮರ ಹೋದರೂ ಸಂತತಿ ಉಳಿಯಿತು. ಕುಟುಂಬದ ಚರಿತ್ರೆ ಅಚ್ಚಿಗೆ ಹೋಗುತ್ತಿದೆ. ಮರಕ್ಕೆ 125 ವರ್ಷ ಎಂದು ಬರೆಯಬಹುದೇ?"

ತಮ್ಮನ ಮಾತನ್ನು ಮೊದಲು ಮುಗಿಸಿಬಿಡೋಣ. ಹಳೆ ಹಲಸಿನ ಬೊಡ್ಡೆ ಟೊಳ್ಳಾಗಿದ್ದರೆ ಮಾಡಿನ ಪಕ್ಕ ಅದು ಅಪಾಯವೇ. ಬಲಿತ ಹಲಸಿನ ನಾಟಾ ದಾರಂದಕ್ಕೆ ಒಳ್ಳೆಯದು ಎಂಬುದೂ ನಿಜ. ಒಪ್ಪಿದೆ.

ಇನ್ನು ನಿಮ್ಮ ಸರದಿ. ಸಂತತಿ ಉಳಿಯಿತು ಅಂದಿರಲ್ಲ, ಸಂತತಿಯೇನೋ ಸರಿ, ಮರ ಉಳಿಯಲಿಲ್ಲ. ಹಲಸು ಪರಕೀಯ ಪರಾಗಸ್ಪರ್ಶದ ಮರ. ಗಟ್ಟಿ ತೊಳೆಯ ಬಕ್ಕೆಯ ಬೀಜ ಹಾಕಿದವರ ಅಂಗಳದಲ್ಲಿ ಮೆತ್ತನೆ ತೊಳೆಯ ತುಳುವ ಎದ್ದು ನಿಂತದ್ದು ನಿಮ್ಮ ಊರಿನಲ್ಲೇ ಎಷ್ಟಿಲ್ಲ? ಆ ಹನ್ನೆರಡೂ ನಿಮ್ಮ ಮರದ ಮಕ್ಕಳು. ಅಪ್ಪ ಯಾರೆಂದು ಹೇಳುವವರಿಲ್ಲ. ಹಾಗೆಂದು ಎಸೆಯಬೇಡಿ. ಕಸಿಗೆ ಅವೇ ಬೇರುಗಿಡ, ಅಂದರೆ ಕಡ್ಡಿ ಕೂರಿಸುವ ಬುಡದ ಗಿಡ.

ಮುದಿ ಮರದ ತುದಿಕಡ್ಡಿ ಸಣಕಲು, ಕಸಿಗೆ ಬಾರದು. ಸಂಕ್ರಾಂತಿಯ ಹೊತ್ತಿಗೆ ಬಿಸಿಲು ಬೀಳುವ ಕಡೆಯ, ಕಾಯಿ ಬಿಡುವ ಒಂದೆರಡು ತೋಳುಗಾತ್ರದ ಕೊಂಬೆ ಸವರಿಸಿ. ಹೊಸ ಚಿಗುರು ಮೂರು-ನಾಲ್ಕು ತಿಂಗಳಲ್ಲಿ ಪೆನ್ಸಿಲ್ ದಪ್ಪಕ್ಕೆ ಬಲಿಯುತ್ತದೆ. ಬುಡದಲ್ಲಿ ಎದ್ದ ಚಿಗುರು ಬೇಡ. ತಳಿ ಅದೇ ಆದರೂ ಫಲಕ್ಕೆ ತಡ. ಕಡ್ಡಿ ಕೊಯ್ಯುವ ಎಂಟು-ಹತ್ತು ದಿನ ಮೊದಲು ತೊಟ್ಟು ಉಳಿಸಿ ಎಲೆ ಮಾತ್ರ ಕತ್ತರಿಸಬೇಕು. ತೊಟ್ಟು ತಾನಾಗಿ ಉದುರಿ ಮೊಗ್ಗು ಉಬ್ಬಿದರೆ ಕಡ್ಡಿ ತಯಾರು. ಹನ್ನೆರಡು-ಹದಿನೈದು ಸೆಂಟಿಮೀಟರ್ ಉದ್ದ ಸಾಕು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಆದಷ್ಟೂ ಅದೇ ದಿನ ಕಟ್ಟಿ.

ಬೇರುಗಿಡದ ಮೆದು ಕಾಂಡವನ್ನು ಮೂರು-ನಾಲ್ಕು ಸೆಂಟಿಮೀಟರ್ ಸೀಳಿ, ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಬೆಣೆಯಂತೆ ಎರಡೂ ಕಡೆ ಕೆತ್ತಿ ಇಳಿಸಬೇಕು. ದಪ್ಪ ಹೊಂದದಿದ್ದರೆ ಒಂದು ಬದಿಯ ತೊಗಟೆಗಾದರೂ ತೊಗಟೆ ಕೂಡಲಿ. ಇಲ್ಲಿ ಕೆಡುವುದು ಮಯಣದಿಂದ, ಅಂದರೆ ಹಲಸಿನ ಅಂಟುಹಾಲಿನಿಂದ. ಸೊಳೆ ಬಿಡಿಸುವಾಗಿನ ಅಭ್ಯಾಸದಲ್ಲಿ ಕತ್ತಿಗೆ ಎಣ್ಣೆ ಸವರಬೇಡಿ, ಎಣ್ಣೆ ಮೆತ್ತಿದ ಗಾಯ ಕೂಡುವುದಿಲ್ಲ. ಒಣಬಟ್ಟೆಯಿಂದ ಒರೆಸುತ್ತ ಬೇಗ ಕೆಲಸ ಮುಗಿಸಿ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೊಂದು ಪ್ಲಾಸ್ಟಿಕ್ ಕೊಳವೆಯ ಟೊಪ್ಪಿಗೆ ಹಾಕಿ, ಮಳೆನೀರು ತಾಗದ ನೆರಳಲ್ಲಿಡಿ. ಮೂರು-ನಾಲ್ಕು ವಾರಕ್ಕೆ ಚಿಗುರಿದಾಗ ಟೊಪ್ಪಿಗೆ ತೆಗೆಯಿರಿ. ಪಟ್ಟಿಯನ್ನು ಮೂರು ತಿಂಗಳಿಗೆ ಬಿಚ್ಚದಿದ್ದರೆ ಕತ್ತು ಹಿಸುಕುತ್ತದೆ. ಬೆಸುಗೆಯ ಕೆಳಗೆ ಬಂದ ಚಿಗುರನ್ನು ಚಿವುಟುತ್ತಲೇ ಇರಬೇಕು. ಕಡ್ಡಿ ಸತ್ತು ಬೇರುಗಿಡವೇ ಬೆಳೆದದ್ದನ್ನು ಹತ್ತು ವರ್ಷ "ಅಜ್ಜನ ಮರ" ಎಂದು ತೋರಿಸಿಕೊಂಡು ತಿರುಗಿದ ಮನೆಗಳಿವೆ! ಮಾವಿನಷ್ಟು ಸಲೀಸಲ್ಲ ಹಲಸು, ಹನ್ನೆರಡೂ ಗಿಡಕ್ಕೆ ಕಟ್ಟಿ. ಎರಡು ಮಳೆಗಾಲ ದಾಟಿದ ಕಸಿಗಿಡ ನೆಲದಲ್ಲಿ ಕಾಣುವ ತನಕ ಕೊಡಲಿಯನ್ನು ಅಟ್ಟದಲ್ಲೇ ಇಡಲು ತಮ್ಮನಿಗೆ ಹೇಳಿ.

ಅಪ್ಪ ನೆಟ್ಟ ಮರ ಏನು ಮಾಡಬಲ್ಲದು ಎಂದು ಅವರಿಗೆ ತಿಳಿಯಬೇಕಿದ್ದರೆ ಗುಬ್ಬಿ ತಾಲ್ಲೂಕಿನ ಚೇಳೂರು ನೋಡಿ. ಎಸ್.ಎಸ್. ಪರಮೇಶ ಅವರ ತಂದೆ ಸಿದ್ದಪ್ಪ ನೆಟ್ಟ ಮರ. ಹಣ್ಣು ಸುಮಾರು ಎರಡೂವರೆ ಕಿಲೊ, ತೊಳೆ ತಾಮ್ರಗೆಂಪು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದಕ್ಕೆ "ಸಿದ್ದು" ಎಂದು ನೆಟ್ಟವರ ಹೆಸರನ್ನೇ ಇಟ್ಟು, 2017ರಲ್ಲಿ ಕಸಿಗಿಡ ಮಾರಿದ ಹಣದ ಶೇ 75 ಮನೆಯವರಿಗೆ ಎಂದು ಒಪ್ಪಂದ ಮಾಡಿಕೊಂಡಿತು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತತಳಿಯ ನೋಂದಣಿಗೆ ಶುಲ್ಕವಿಲ್ಲ, ಮರಗಳಿಗೆ 18 ವರ್ಷ ರಕ್ಷಣೆ. ಅರ್ಜಿ ಹಾಕಲು ಮರ ಇರಬೇಕಷ್ಟೆ.

ಇನ್ನು 125. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 1899-1900 ವಿಕಾರಿ, 1959-60 ಕೂಡ ವಿಕಾರಿ. ಮನೆಯವರು ಯಾವಾಗಲೂ ಹಳೆಯದನ್ನೇ ಆರಿಸಿಕೊಳ್ಳುತ್ತಾರೆ, ಸಹಜ. ಬೊಡ್ಡೆಯ ಸುತ್ತಳತೆ ಸಾಕ್ಷಿಯಲ್ಲ, ಅದು ಮಣ್ಣು-ನೀರಿನ ಲೆಕ್ಕ. ವರ್ಷಕ್ಕೊಂದೆಂದು ನಂಬುವಂಥ ಉಂಗುರವೂ ಹಲಸಿನಲ್ಲಿ ಸಿಗದು. ಸಾಕ್ಷಿ ಇರುವುದು ಕಾಗದದಲ್ಲಿ. ಹಳೆಯ ವಿಭಾಗಪತ್ರ, ಅಡವುಪತ್ರ, ಗೇಣಿಚೀಟಿ ಬಿಚ್ಚಿ ಚಕ್ಕುಬಂದಿ (ಜಾಗದ ನಾಲ್ಕು ದಿಕ್ಕಿನ ಗಡಿ) ಓದಿ. "ಬಡಗಲು ಹಲಸಿನ ಮರ" ಎಂಬ ಮೂರು ಪದ 1959ಕ್ಕೆ ಹಿಂದಿನ ಪತ್ರದಲ್ಲಿ ಸಿಕ್ಕರೆ ಗೆದ್ದಿರಿ. ಮದ್ರಾಸ್ ಕಾಲದ ಲೆಕ್ಕದಲ್ಲಿ ಫಸಲಿ (ಕಂದಾಯದ ವರ್ಷ) ಇದ್ದರೆ 590 ಕೂಡಿಸಿ: ಫಸಲಿ 1320 ಎಂದರೆ 1910ರ ಜುಲೈಯಿಂದ 1911ರ ಜೂನ್. ಪಹಣಿಯಲ್ಲಿ ಮರಗಳಿಗೆಂದೇ ಅಂಕಣವಿದೆ, ಬಹುಪಾಲು ಖಾಲಿ. ಹಿರಿಯರನ್ನು ಇಸವಿ ಕೇಳಬೇಡಿ. ಅವರ ಅಪ್ಪ-ಅಮ್ಮ 1923ರ ಮಾರಿಬೊಳ್ಳದ (ನೇತ್ರಾವತಿಯ ಮಹಾನೆರೆಯ) ಕತೆ ಹೇಳುವಾಗ ಮರದ ಸುದ್ದಿ ಬರುತ್ತಿತ್ತೇ ಎಂದು ಕೇಳಿ. ಏನೂ ಸಿಗದಿದ್ದರೆ "ವಿಕಾರಿ ಸಂವತ್ಸರದಲ್ಲಿ ನೆಟ್ಟದ್ದೆಂದು ಮನೆಮಾತು" ಎಂದೇ ಅಚ್ಚಾಗಲಿ. ಕುಟುಂಬ ಚರಿತ್ರೆಗಳ ರೋಗವೇ ಇದು. ಬಾಯಿಮಾತು ಒಮ್ಮೆ ಅಚ್ಚಾದರೆ ಮೊಮ್ಮಗ ಅದನ್ನೇ ದಾಖಲೆ ಎನ್ನುತ್ತಾನೆ.

ಇನ್ನೊಂದು ರೋಗವೂ ಇದೆ. ರಕ್ಷಾಪುಟದಲ್ಲಿ ಬಿಳಲು ಬಿಟ್ಟ ಆಲದ ಚಿತ್ರ, ಒಳಗೆ ಏಳು ತಲೆಮಾರಿನ ಗಂಡಸರ ಹೆಸರು, ಹೆಂಗಸರೆಲ್ಲ "ಪತ್ನಿ". ಹೆಣ್ಣಿನಿಂದಲೇ ವಂಶ ಎಣಿಸುವ ಅಳಿಯಸಂತಾನದ ಮನೆಗಳ ನೆರೆಯಲ್ಲಿದ್ದುಕೊಂಡೂ ಹೀಗೆ! ನೀವು ಕಳಿಸಿದ ವಂಶವೃಕ್ಷದ ಪ್ರತಿಯಲ್ಲಿ ಮುತ್ತಜ್ಜಿಗೆ ಹೆಸರೇ ಇಲ್ಲ. ಬೀಜ ಸೆರಗಿನಲ್ಲಿ ಕಟ್ಟಿ ತಂದವರು ಯಾರು? ಗುಂಡಿ ತೋಡಿದವರು ಮುತ್ತಜ್ಜನೇ ಇರಬಹುದು. ಹಪ್ಪಳಕ್ಕೆ ಯಾವುದು, ಉಪ್ಪುಸೊಳೆಗೆ ಯಾವುದು ಎಂದು ತಿಳಿದು ಆ ಮರವನ್ನೇ ಆರಿಸಿ ಬೀಜ ತೆಗೆದಿಟ್ಟವರು ಅಡುಗೆಮನೆಯವರು.

ಮುತ್ತಜ್ಜಿಯ ಹೆಸರು, ತವರಿನ ಹೆಸರು ಕೇಳಿ ಬರೆದುಕೊಳ್ಳಿ. ಸಾಧ್ಯವಾದರೆ ಆ ತವರಿಗೇ ಹೋಗಿ ಬನ್ನಿ. ತಾಯಿಮರ ಅಲ್ಲಿ ಇನ್ನೂ ನಿಂತಿದ್ದರೆ ಅದರದ್ದೂ ನಾಲ್ಕು ಕಡ್ಡಿ ತನ್ನಿ. ಕಸಿಗಿಡಕ್ಕೆ ಹೆಸರಿಡುವುದಿದ್ದರೆ ಅವರದೇ ಇಡಿ. ಅಲ್ಲಿಯವರೆಗೆ ಪುಸ್ತಕ ಅಚ್ಚಿಗೆ ಹೋಗುವುದು ಬೇಡ.