ಮರೆವಿನ ಕಾಯಿಲೆಯಲ್ಲಿ ಮೊದಲು ಹಾಳಾಗುವುದು ನರಕೋಶವೋ, ಸಿನಾಪ್ಸೋ?

ನಿಮ್ಮ ತಾಯಿಯವರಿಗೆ ಅಲ್ಝೈಮರ್‌ನ ಆರಂಭದ ಹಂತವೆಂದು ಹೇಳಿ ವೈದ್ಯರು ಡೊನೆಪೆಜಿಲ್ ಕೊಟ್ಟಿದ್ದಾರೆ. ಎಂಆರ್‌ಐ ವರದಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಹಾಗಾದರೆ ಮರೆವು ಎಲ್ಲಿಂದ ಬಂತು, ಸತ್ತ ನರಕೋಶಗಳನ್ನು ಈ ಮಾತ್ರೆ ಬದುಕಿಸುತ್ತದೆಯೇ ಎಂದು ಕೇಳಿದ್ದೀರಿ. ನಾನು ಶರೀರಕ್ರಿಯಾಶಾಸ್ತ್ರ ಬೋಧಿಸುವವನೇ ಹೊರತು ಚಿಕಿತ್ಸೆ ನೀಡುವ ವೈದ್ಯನಲ್ಲ. ಆದ್ದರಿಂದ ಕಾಯಿಲೆಯ ಒಳಗುಟ್ಟನ್ನಷ್ಟೇ ವಿವರಿಸುತ್ತೇನೆ.

ಒಂದು ನರಕೋಶದ ತುದಿಗೂ ಇನ್ನೊಂದರ ಮೈಗೂ ನಡುವೆ ಸುಮಾರು 20 ನ್ಯಾನೋಮೀಟರ್ ಅಂತರವಿರುತ್ತದೆ. ಸಿನಾಪ್ಸ್ ಎನ್ನುವುದು ಈ ಅಂತರ ಮತ್ತು ಅದರ ಎರಡೂ ದಡಗಳು ಸೇರಿದ ಜಾಗಕ್ಕೆ. ವಿದ್ಯುತ್ ಸಂಕೇತ ತುದಿಗೆ ಬಂದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ರಾಸಾಯನಿಕ ತುಂಬಿದ ಕಿರುಚೀಲಗಳು ಪೊರೆಗೆ ಬೆಸೆದುಕೊಂಡು ಒಡೆಯುತ್ತವೆ, ಹೊರಬಿದ್ದ ರಾಸಾಯನಿಕ ಆಚೆ ದಡದ ಗ್ರಾಹಕಗಳಿಗೆ, ಅಂದರೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳಿಗೆ, ಅಂಟಿಕೊಳ್ಳುತ್ತದೆ. ಇಷ್ಟೂ ಕೆಲಸ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ.

ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಈ ರಾಸಾಯನಿಕ ಮುಖ್ಯವಾಗಿ ಗ್ಲುಟಮೇಟ್. ಅದರ ಗ್ರಾಹಕಗಳಲ್ಲಿ ಎನ್‌ಎಂಡಿಎ ಎಂಬುದೊಂದಿದೆ. ಅದರ ರಂಧ್ರವನ್ನು ಮೆಗ್ನೀಸಿಯಂ ಅಯಾನು ಬಿರಡೆಯಂತೆ ಮುಚ್ಚಿರುತ್ತದೆ. ಗ್ಲುಟಮೇಟ್ ಬಂದು ಸೇರುವ ಹೊತ್ತಿಗೇ ಸ್ವೀಕರಿಸುವ ಕೋಶವೂ ಸಾಕಷ್ಟು ಉದ್ರೇಕಗೊಂಡಿದ್ದರೆ ಮಾತ್ರ ಮೆಗ್ನೀಸಿಯಂ ಸರಿದು ಕ್ಯಾಲ್ಸಿಯಂಗೆ ದಾರಿಯಾಗುತ್ತದೆ, ಆ ಕ್ಯಾಲ್ಸಿಯಂನ ಪ್ರೇರಣೆಯಿಂದ ಗ್ಲುಟಮೇಟ್‌ನ ಇನ್ನೊಂದು ಬಗೆಯ ಗ್ರಾಹಕಗಳಾದ ಎಎಂಪಿಎ ಗ್ರಾಹಕಗಳು ಇನ್ನಷ್ಟು ಪೊರೆಗೆ ಬಂದು ನೆಲೆಸುತ್ತವೆ, ಮುಂದಿನ ಸಲ ಅದೇ ಸಂಕೇತಕ್ಕೆ ಹೆಚ್ಚಿನ ಉತ್ತರ ಸಿಗುತ್ತದೆ. ಹೀಗೆ ಬಲಗೊಂಡ ಸಿನಾಪ್ಸ್ ಗಂಟೆಗಟ್ಟಲೆ ಹಾಗೆಯೇ ಉಳಿಯುವುದನ್ನು ವಿಜ್ಞಾನಿಗಳಾದ ಬ್ಲಿಸ್ ಮತ್ತು ಲೋಮೊ 1973ರಲ್ಲಿ ಮೊಲದ ಮಿದುಳಿನಲ್ಲಿ ತೋರಿಸಿದರು. ಕಲಿಕೆಯ ಬಗ್ಗೆ ಇಂದು ನಾವು ಹೇಳುವ ಬಹುಪಾಲು ಮಾತು ನಿಂತಿರುವುದು ಇದರ ಮೇಲೆ.

ಅಲ್ಝೈಮರ್‌ನ ಪೆಟ್ಟು ಬೀಳುವುದೂ ಇಲ್ಲಿಯೇ. ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ತುಣುಕು ಗಟ್ಟಿ ಚಕ್ಕೆಗಳಾಗುವ ಮೊದಲೇ, ಕರಗಿದ ಸ್ಥಿತಿಯ ಅದರ ಸಣ್ಣ ಗುಂಪುಗಳು ಸಿನಾಪ್ಸ್ ಬಲಗೊಳ್ಳುವುದನ್ನು ತಡೆಯುತ್ತವೆ, ಎಎಂಪಿಎ ಗ್ರಾಹಕಗಳು ಪೊರೆಯಿಂದ ಒಳಸರಿಯುವಂತೆ ಮಾಡುತ್ತವೆ. ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ, ಬೆಳೆಯುವ ವಯಸ್ಸಿನಲ್ಲಿ ಬೇಡದ ಸಿನಾಪ್ಸ್‌ಗಳನ್ನು ನುಂಗಿ ತೆಗೆಯುವ ಕೆಲಸ ಮಾಡುತ್ತವೆ. ಅದೇ ಕೆಲಸವನ್ನು ಈ ಕಾಯಿಲೆಯಲ್ಲಿ ಅಕಾಲದಲ್ಲಿ ಮತ್ತೆ ಆರಂಭಿಸುತ್ತವೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಕೋಶ ಸಾಯುವುದು ಹೆಚ್ಚಾಗಿ ಆಮೇಲಿನ ಮಾತು. ರಾಬರ್ಟ್ ಟೆರ್ರಿ ಮತ್ತು ಸಂಗಡಿಗರು 1991ರಲ್ಲಿ ರೋಗಿಗಳ ಮಿದುಳನ್ನು ಪರೀಕ್ಷಿಸಿದಾಗ, ಬುದ್ಧಿಶಕ್ತಿಯ ಕುಸಿತಕ್ಕೆ ಚಕ್ಕೆಗಳ ಸಂಖ್ಯೆಗಿಂತ ಸಿನಾಪ್ಸ್‌ಗಳ ನಷ್ಟವೇ ಹೆಚ್ಚು ಹತ್ತಿರವಾಗಿ ಹೊಂದಿಕೆಯಾಯಿತು. ಎಂಆರ್‌ಐ ತೋರಿಸುವುದು ಮಿದುಳಿನ ಗಾತ್ರ ಮತ್ತು ಆಕಾರವನ್ನು. ಸಿನಾಪ್ಸ್ ಅದರ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಹಾಗಾಗಿ ವರದಿ ಚೆನ್ನಾಗಿದ್ದೂ ಮರೆವು ಇರುವುದರಲ್ಲಿ ವಿರೋಧಾಭಾಸವೇನಿಲ್ಲ.

ಇನ್ನು ಮಾತ್ರೆ. ಅದು ಸತ್ತ ಕೋಶವನ್ನು ಬದುಕಿಸುವುದಿಲ್ಲ, ಕಳೆದುಹೋದ ಸಿನಾಪ್ಸನ್ನು ಮತ್ತೆ ಕಟ್ಟುವುದೂ ಇಲ್ಲ. ಗಮನ ಮತ್ತು ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕ ಈ ಕಾಯಿಲೆಯಲ್ಲಿ ಕಡಿಮೆಯಾಗುತ್ತದೆ. ಬಿಡುಗಡೆಯಾದ ಅಲ್ಪಸ್ವಲ್ಪವನ್ನೂ ಒಂದು ಕಿಣ್ವ ಕೂಡಲೇ ಒಡೆದುಹಾಕುತ್ತದೆ. ಡೊನೆಪೆಜಿಲ್ ಆ ಕಿಣ್ವವನ್ನು ತಡೆಯುವುದರಿಂದ, ಉಳಿದಿರುವ ಸಿನಾಪ್ಸ್‌ಗಳಲ್ಲಿ ರಾಸಾಯನಿಕ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಪ್ರಯೋಜನ ಸಾಧಾರಣ, ರೋಗದ ಓಟವೂ ನಿಲ್ಲುವುದಿಲ್ಲ. ಆದರೂ ಗುಣ ಕಾಣಲಿಲ್ಲವೆಂದು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಹಾಗೆ ನಿಲ್ಲಿಸಿದ ಮೇಲೆ ಸ್ಥಿತಿ ಇನ್ನಷ್ಟು ಕುಸಿಯುವುದುಂಟು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಹೃದಯದ ಬಡಿತವನ್ನು ನಿಧಾನಗೊಳಿಸುವುದೂ ಇದೇ ಅಸಿಟೈಲ್‌ಕೋಲಿನ್. ವಿಜ್ಞಾನಿ ಆಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯದಲ್ಲಿ ಕಂಡುಕೊಂಡದ್ದು ಈ ರಾಸಾಯನಿಕವನ್ನೇ. ಮಾತ್ರೆಗೆ ಮಿದುಳು ಯಾವುದು, ಹೃದಯ ಯಾವುದು, ಕರುಳು ಯಾವುದು ಎಂಬ ಭೇದವಿಲ್ಲ. ಆದ್ದರಿಂದ ವಾಕರಿಕೆ, ಭೇದಿ ಬರಬಹುದು. ತಾಯಿಯವರಿಗೆ ತಲೆಸುತ್ತು ಬಂದು ಬಿದ್ದರೆ ಅಥವಾ ನಾಡಿ ತೀರಾ ನಿಧಾನವಾದರೆ, ವಯಸ್ಸಿನ ಸುಸ್ತೆಂದು ಬಿಡದೆ ಅಂದೇ ವೈದ್ಯರಿಗೆ ತಿಳಿಸಿ, ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಎಂಬ, ಹೃದಯದ ಬಡಿತವನ್ನು ನಿಧಾನಗೊಳಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.