ಕಣಜದ ಗೂಡಿಗೆ ಪೆಟ್ಟಿಗೆ ಬೇಡ, ತೊಟ್ಟನ್ನಂತೂ ಮುಟ್ಟಬೇಡಿ

ಕಿಟಕಿಯಲ್ಲಿರುವ ಕಣಜದ ಗೂಡನ್ನು ಜೇನಿನ ಹಾಗೆ ಪೆಟ್ಟಿಗೆಗೆ ಹಾಕಿ ತೋಟದಲ್ಲಿ ಸಾಕಬಹುದಾ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನಾನು ಮಾಡಿದ್ದು ಇದನ್ನೇ.

ನಮ್ಮ ಸಜ್ಜಾದ ಕೆಳಗೆ ಅಂಗೈಯಗಲದ ಗೂಡಿತ್ತು, ಮೂವತ್ತರಷ್ಟು ಹುಳ. ಬೇಲಿಯ ಒಣಗೂಟ ಕೆರೆದು ತರುತ್ತಿದ್ದವು. ಎಂಜಲಲ್ಲಿ ಅಗಿದು, ಆ ಮುದ್ದೆಯನ್ನು ಗೂಡಿನ ಪುಟ್ಟ ಕೋಣೆಗಳ ಅಂಚಿಗೆ ಎಳೆಎಳೆಯಾಗಿ ಹಚ್ಚುತ್ತಿದ್ದವು. ಒಣಗಿದರೆ ಬೂದು ಬಣ್ಣದ ಕಾಗದ. ಕಾಫಿ ಹಿಡಿದು ದಿನಾ ನೋಡುತ್ತಾ ಕೂರುತ್ತಿದ್ದೆ. ಮನೆಗೆ ಬಣ್ಣ ಹೊಡೆಯುವವರು ಬರುವುದಿತ್ತು. ಕಿತ್ತು ಬಿಸಾಕುತ್ತಾರೆ ಅಂತ ಹೆದರಿ ಪೆಟ್ಟಿಗೆ ಮಾಡಿಸಿದೆ.

ರಾತ್ರಿ ಹುಳಗಳೆಲ್ಲ ಮನೆ ಸೇರಿದ ಮೇಲೆ ಚೀಲ ಕಟ್ಟಿ ಗೂಡು ಬಿಡಿಸಿದೆ. ಅಲ್ಲಿವರೆಗೆ ಸರಿ ಇತ್ತು. ತಪ್ಪಾಗಿದ್ದು ತೊಟ್ಟಿನಲ್ಲಿ. ಈ ಗೂಡು ಸಜ್ಜಾಕ್ಕೆ ಒತ್ತಿಕೊಂಡಿರುವುದಿಲ್ಲ, ಕಡ್ಡಿಯಂಥ ತೊಟ್ಟಿನಲ್ಲಿ ನೇತಾಡುತ್ತದೆ. ಇಷ್ಟು ಸಣ್ಣದು ಭಾರ ತಡೆಯಲ್ಲ ಅಂದುಕೊಂಡೆ. ಅದನ್ನು ಕತ್ತರಿಸಿ, ಗೂಡಿನ ಬೆನ್ನನ್ನೇ ಪೆಟ್ಟಿಗೆಯ ಮುಚ್ಚಳಕ್ಕೆ ಫೆವಿಕಾಲ್ ಹಾಕಿ ಅಂಟಿಸಿದೆ. ಆ ತೊಟ್ಟು ಯಾಕೆ ಅಷ್ಟು ಸಣ್ಣ ಗೊತ್ತಾ? ಇರುವೆ ಬರಲು ಇರುವುದು ಅದೊಂದೇ ದಾರಿ. ದಾರಿ ಸಣ್ಣದಿದ್ದಷ್ಟೂ ಕಾಯುವುದು ಸುಲಭ. ಕಾಗದದ ಗೂಡು ಕಟ್ಟುವ ಹಲವು ಕಣಜಗಳು ಹೊಟ್ಟೆಯ ತುದಿ ಉಜ್ಜಿ, ಇರುವೆಗೆ ಆಗದ ರಸವನ್ನೂ ಅಲ್ಲಿ ಬಳಿಯುತ್ತವೆ. ನಾನು ಆ ಒಂದು ದಾರಿ ತೆಗೆದು, ಗೂಡಿನ ಅಂಚಿಗೆಲ್ಲ ದಾರಿ ಮಾಡಿಕೊಟ್ಟಿದ್ದೆ. ಎರಡನೇ ಬೆಳಿಗ್ಗೆ ಮುಚ್ಚಳದ ತುಂಬ ಕೆಂಪಿರುವೆ. ಮರಿಹುಳ ಓಡಲಾರವು ಅಲ್ವಾ? ಒಂದೊಂದು ಕೋಣೆಯಿಂದಲೂ ಎಳೆದು ಹೊತ್ತೊಯ್ಯುತ್ತಿದ್ದವು. ದೊಡ್ಡವು ಸಂಜೆಯೊಳಗೆ ಹಾರಿಹೋದವು. ಈಗಲೂ ಸಂಕಟ ಆಗುತ್ತದೆ.

ಕಣಜಕ್ಕೆ ಮನೆ ಕಟ್ಟಿದವರು ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರ ತಂಡ ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ದಶಕಗಳ ಕಾಲ ಅಧ್ಯಯನ ಮಾಡಿದೆ. ಅಲ್ಲಿ ಕೋಣೆಯಂಥ ದೊಡ್ಡ ಪಂಜರವಿದೆ. ಅದರ ಜಾಲರಿಯ ಕಣ್ಣು 0.75 ಸೆಂ.ಮೀ. ಈ ಕಣಜ ಆರಾಮಾಗಿ ಹೊರಗೆ ಹೋಗಿ ಬರುತ್ತದೆ. ಇದರ ಮರಿಗಳನ್ನು ತಿನ್ನುವ ವೆಸ್ಪಾ ಟ್ರಾಪಿಕಾ ಎಂಬ ದೊಡ್ಡ ಕಣಜ ತೂರಲಾರದು. ಎಷ್ಟು ಚಂದದ ಯೋಚನೆ! ಹುಳವನ್ನು ಕೂಡಿಹಾಕಿಲ್ಲ, ಶತ್ರುವನ್ನು ಹೊರಗಿಟ್ಟಿದ್ದಾರೆ.

ಹಾಗಾಗಿ ಪೆಟ್ಟಿಗೆಯ ಯೋಚನೆಯನ್ನೇ ಬಿಡಿ. ತುಡುವೆ ಜೇನಿಗೆ ಕತ್ತಲೆಯ ಪೊಟರೆ ಬೇಕು, ಇದಕ್ಕೆ ಮಳೆ ಬೀಳದ ಸೂರು ಸಾಕು. ಅದನ್ನು ನಿಮ್ಮ ಕಿಟಕಿಯಲ್ಲಿ ಆಗಲೇ ಹುಡುಕಿಕೊಂಡಿದೆ. ತೋಟಕ್ಕೆ ಒಳ್ಳೆಯದಾಗಲಿ ಅಂತ ಸಾಗಿಸುವುದೂ ಬೇಡ, ಕಂಬಳಿಹುಳ ಬೇಕಾದರೆ ಅವೇ ಅಲ್ಲಿಗೆ ಹಾರಿಹೋಗಿ ಹಿಡಿದು ತರುತ್ತವೆ. ಗೂಡಿರುವ ಕಿಟಕಿಯ ಬಾಗಿಲು ಮುಚ್ಚಿಡಿ, ಒಳಗಿನಿಂದ ಸೊಳ್ಳೆ ಜಾಲರಿ ಹಾಕಿಸಿ. ಬಣ್ಣದವರು ಬಂದರೆ ಸುತ್ತ ಎರಡು ಅಡಿ ಬಿಟ್ಟು ಹೊಡೆಯಲು ಹೇಳಿ. ನಮ್ಮ ಸಜ್ಜಾದಲ್ಲಿ ಈಗಿರುವ ಗೂಡನ್ನು ಹಾಗೇ ಬಿಟ್ಟಿದ್ದೇವೆ. ಮನೆಯಲ್ಲಿ ಯಾರಿಗಾದರೂ ಕಡಿತದಿಂದ ಉಸಿರು ಕಟ್ಟಿದ್ದುಂಟಾದರೆ ಮಾತ್ರ ಬೇರೆ ಮಾತು. ಆಗ ತಿಳಿದವರನ್ನು ಕರೆದು ತೆಗೆಸಿ, ನೀವೇ ಕೈ ಹಾಕಬೇಡಿ.