ಪರದೆಯೆದುರು ಮುಖ ಉರಿಯುವುದರ ಕುರಿತು

ಕಂಪ್ಯೂಟರ್ ಪರದೆಯೆದುರು ಕುಳಿತರೆ ಮುಖ ಉರಿದು ತಲೆ ನೋಯುತ್ತದೆ, ವಿಕಿರಣ ತಡೆಯುವ ಫಿಲ್ಟರ್ ಕೊಳ್ಳಲೇ ಎಂದು ಕೇಳಿದ್ದೀರಿ. ನಿಮ್ಮ ತೊಂದರೆ ಕಲ್ಪನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2005ರಲ್ಲಿ ಇಂತಹ ಲಕ್ಷಣಗಳು ನಿಜವೆಂದು ಒಪ್ಪಿ, ಅವುಗಳಿಗೆ ವಿದ್ಯುತ್ ಉಪಕರಣಗಳ ಸುತ್ತ ಉಂಟಾಗುವ ವಿದ್ಯುತ್ಕಾಂತೀಯ ಕ್ಷೇತ್ರವೇ (ನೀವು ಹೇಳುವ ವಿಕಿರಣವೇ) ಕಾರಣವೆನ್ನಲು ಆಧಾರವಿಲ್ಲವೆಂದು ತಿಳಿಸಿತು. ಹೀಗಾಗಿ ಫಿಲ್ಟರಿಗೆ ಹಣ ಸುರಿಯುವುದು ಬೇಡವೆಂದೇ ನನ್ನ ಅಭಿಪ್ರಾಯ. ಅನೇಕ ಎಲ್‌ಇಡಿ ಪರದೆಗಳು ಬೆಳಕನ್ನು ಅತಿವೇಗವಾಗಿ ಆರಿಸಿ ಹೊತ್ತಿಸುವ ಮೂಲಕ ಪ್ರಕಾಶವನ್ನು ತಗ್ಗಿಸುವುದರಿಂದ, ಕಣ್ಣಿಗೆ ಗೋಚರಿಸದ ಆ ಮಿನುಗು ಕೆಲವರಿಗೆ ತಲೆನೋವು ತರಬಲ್ಲದು. ಆದ್ದರಿಂದ ಪರದೆಯ ಪ್ರಕಾಶವನ್ನು ತೀರಾ ಇಳಿಸದೆ, ಕೋಣೆಯ ದೀಪವನ್ನು ಅದಕ್ಕೆ ಹೊಂದಿಸಿ ನೋಡಿ. ಸಾಧ್ಯವಾದರೆ ಮಿನುಗದ ಮಾನಿಟರೊಂದನ್ನು ಕೆಲವು ದಿನ ಎರವಲು ಪಡೆದು ಪರೀಕ್ಷಿಸಿ. ಮುಖದ ಉರಿಗೆ ಒಣಗಾಳಿಯೋ ಚರ್ಮದ ಸಮಸ್ಯೆಯೋ ಕಾರಣವಿರಬಹುದು. ಕಣ್ಣಿನ ವೈದ್ಯರ ಜೊತೆಗೆ ಚರ್ಮವೈದ್ಯರನ್ನೂ ಕಾಣುವುದು ಒಳ್ಳೆಯದು.